ಭಾವುಬೀಜಕ್ಕೆ ಎರಡು ಮಣೆ

ಅಕ್ಟೋಬರ್ ೨೭, ರವಿವಾರ, ಚಿಂಚವಾಡ

ಇಂದು ಮಧ್ಯಾಹ್ನ ಸಾರಿಗೂ ಮಜ್ಜಿಗೆಗೂ ನಡುವಿನ ಅವಧಿಯಲ್ಲಿ, ನಮ್ಮ ಮನೆಯ ಮೇಲೆ ಶತ್ರುವಿನ ದಾಳಿ ಆಗಲಿದೆ ಎಂಬ ಸುದ್ದಿ ಹೊರಬಿತ್ತು. ಮುಂದಿನ ಪೀಳಿಗೆಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿಲ್ಲ. ಮುಂದಿನ ಪೀಳಿಗೆಯವರು ಇದನ್ನು ಮುಟ್ಟಿದರೆ ಕೈ ಮುರಿಯುತ್ತೇನೆ. ನನಗಾಗಿ ಬರೆಯುತ್ತಿದ್ದೇನೆ, ಅಷ್ಟೇ.

ಶತ್ರುವಿನ ಹೆಸರು ಚಲುವರಾಜು. ಮಂಡ್ಯದ ಕಡೆಯವನು. ಹಿಂಜವಡಿಯಲ್ಲಿ ಕಂಪ್ಯೂಟರ್ ಕೆಲಸ, ವಾಕಡದಲ್ಲಿ ಫ್ಲ್ಯಾಟು, ತಲೆಯ ನಡುವೆ ಸಣ್ಣದೊಂದು ಬಯಲು. ಅವನ ಉದ್ದೇಶ ನನ್ನ ಗೋದತ್ತೆಯನ್ನು ಮದುವೆಯಾಗಿ ಎತ್ತಿಕೊಂಡು ಹೋಗುವುದು.

ಗೋದತ್ತೆ ಎಂದರೆ ಅಪ್ಪನ ತಂಗಿ. ಶಿವಾಜಿನಗರದ ರಕ್ತನಿಧಿಯಲ್ಲಿ ಜನರ ತೋಳಿಗೆ ಸೂಜಿ ಚುಚ್ಚುವ ಕೆಲಸ. ನಾನು ತೊಟ್ಟಿಲು ಬಿಟ್ಟಂದಿನಿಂದ ನಮ್ಮಿಬ್ಬರದೂ ಒಂದೇ ಕೋಣೆ. ಸಕ್ಕರೆ ಡಬ್ಬಿಗೆ ಉಪ್ಪು ತುಂಬುವ ಮಹಾವಿದ್ಯೆಯನ್ನು ನನಗೆ ಧಾರೆಯೆರೆದವಳು ಅವಳೇ. ಸಿಕ್ಕಿಬಿದ್ದಾಗ 'ನಾನೇ ಮಾಡಿದೆ' ಎಂದು ನನ್ನ ಪರವಾಗಿ ಬೈಸಿಕೊಳ್ಳುವವಳೂ ಅವಳೇ. ಹೀಗಿರುವ ರಾಷ್ಟ್ರೀಯ ಸಂಪತ್ತನ್ನು ವಾಕಡಕ್ಕೆ ರಫ್ತು ಮಾಡುವ ಮಾತು ಇಂದು ಎದ್ದಿದೆ.

ಅವಳಿಗೂ ಶತ್ರುವಿಗೂ ಪರಿಚಯವಾದದ್ದು ಆ ರಕ್ತನಿಧಿಯಲ್ಲೇ. ರಕ್ತ ಕೊಡಲು ಬಂದ ಈತ ಅತ್ತೆಯ ಕೈಯಲ್ಲಿ ಸೂಜಿ ನೋಡಿದ್ದೇ ತಡ, ಮಂಚದಿಂದ ಜಾರಿ ನೆಲಕ್ಕೆ ಬಿದ್ದನಂತೆ. ಮುಂದಿನ ವಾರ ಕ್ಷಮೆ ಕೇಳಲು ಬಾಳೆಕಾಯಿ ಚಿಪ್ಸ್ ಹಿಡಿದುಕೊಂಡು ಬಂದು, ಮತ್ತೆ ಸೂಜಿ ಕಂಡು, ಮತ್ತೆ ಬಿದ್ದನಂತೆ. ಇಂಥವನ ಜೊತೆ ಮಾತು ಬೆಳೆಸುವ ಅಗತ್ಯ ಏನಿತ್ತೋ ದೇವರೇ ಬಲ್ಲ.

ಊಟದ ನಡುವೆ ಅಜ್ಜಿ ಕೇಳಿದಳು: "ಏ ಗೋದಾ, ಆ ಹುಡುಗ ಏನಂತಾನ?"

"ಏನೂ ಅನ್ನಂಗಿಲ್ಲವಾ. ಭಾಳ ಸಂಕೋಚದವರು."

"ಮತ್ತ ನೀ ಏನಂತಿ?"

ಅತ್ತೆ ಲೋಟ ಎತ್ತಿದಳು. ಮಜ್ಜಿಗೆ ಕುಡಿದಳು. ಲೋಟ ಖಾಲಿಯಾದ ಮೇಲೂ ಕುಡಿಯುತ್ತಲೇ ಇದ್ದಳು.

ಅಜ್ಜಿಯ ಮುಂದಿನ ಪ್ರಶ್ನೆ ಜಾತಿಯದು. ಅದಕ್ಕೆ ಸಿಕ್ಕ ಉತ್ತರ ಅವಳಿಗೆ ಅಷ್ಟು ಹಿಡಿಸಲಿಲ್ಲ. ಒಂದು ಹಪ್ಪಳ ಮುಗಿಯುವವರೆಗೆ ಯೋಚಿಸಿ, ಅದಕ್ಕಿಂತ ಮುಖ್ಯವಾದ ಪ್ರಶ್ನೆಗೆ ಬಂದಳು: "ಊಟಾ ಚಂದಂಗ ಮಾಡತಾನೇನು?"

ಕೊನೆಗೆ ಅಪ್ಪ ತೀರ್ಪು ಕೊಟ್ಟ: "ದೀಪಾವಳಿಗೆ ಎಲ್ಲಾರೂ ಕೂಡಿ ಕೃಷ್ಣಾ ದಂಡೀಗಿರೋ ವಾಯಿಗೆ ಹೋಗೂಣು, ಅವರನ್ನೂ ಕರಕೊಂಡು. ಎರಡ ದಿವಸ ಒಂದ ಗಾಡಿಯೊಳಗ ಕೂತ್ರ ಮನಷ್ಯಾ ಎಂಥಾಂವ ಅಂತ ತಿಳೀತದ. ಸೋಮವಾರ ಇಬ್ಬರೂ ಹೂಂ ಅನ್ರಿ, ಇಲ್ಲಾ ಊಹೂಂ ಅನ್ರಿ. ಮುಗೀತು."

ಅಂದರೆ ನನಗೆ ಸೋಮವಾರದವರೆಗೆ ಗಡುವು. ಆ ಊಹೂಂ ಯಾರ ಬಾಯಿಂದ ಬಂದರೂ ನಡೆದೀತು.

ಅಕ್ಟೋಬರ್ ೩೦, ಬುಧವಾರ

ಶತ್ರು ಚಹಾಕ್ಕೆ ಬಂದಿದ್ದ. ಬಾಗಿಲಲ್ಲಿ ಬಿಟ್ಟ ಅವನ ಬೂಟಿನೊಳಗೆ ನನ್ನ ರಬ್ಬರಿನ ಹಲ್ಲಿಯನ್ನು ನಿಯೋಜಿಸಿದೆ. ಈ ಹಲ್ಲಿ ಕಳೆದ ವರ್ಷ ನಮ್ಮ ಗಣಿತದ ಮಾಸ್ತರರನ್ನು ಕುರ್ಚಿಯ ಮೇಲೆ ಹತ್ತಿಸಿದ ಹಲ್ಲಿ. ಅದರ ಸೇವಾ ದಾಖಲೆ ನಿಷ್ಕಳಂಕ.

ಶತ್ರು ಬೂಟಿಗೆ ಕಾಲಿಟ್ಟ. ಕಾಲು ತೆಗೆದ. ಹಲ್ಲಿಯನ್ನು ಬಾಲ ಹಿಡಿದು ಎತ್ತಿ ನೋಡಿದ. "ಪಾಪ, ಸತ್ತೋಗಿದೆ," ಎಂದ. ಆಮೇಲೆ ನಮ್ಮ ಬಾಲ್ಕನಿಗೆ ಹೋಗಿ, ಕರಿಬೇವಿನ ಕುಂಡದ ಮಣ್ಣು ಕೆದರಿ, ಅದನ್ನು ಹೂಳಿ, ಕೈ ಮುಗಿದು, ಕೈ ತೊಳೆದು ಹೊರಟುಹೋದ.

ಅಂತ್ಯಸಂಸ್ಕಾರ ಮುಗಿಯುವವರೆಗೂ ನಾನು ಪಕ್ಕದಲ್ಲೇ ತಲೆ ತಗ್ಗಿಸಿ ನಿಲ್ಲಬೇಕಾಯಿತು. ನಗುವಂತಿಲ್ಲ, ಅಳುವಂತಿಲ್ಲ. ಅವನು ಹೋದ ಮೇಲೆ ಅಗೆದು ತೆಗೆದೆ.

ಈ ಸೋಲಿನಿಂದ ಕಲಿತದ್ದಿಷ್ಟು: ವಸ್ತುಗಳಿಂದ ಈ ಮನುಷ್ಯ ಹೆದರುವುದಿಲ್ಲ (ಸೂಜಿ ಬಿಟ್ಟು, ಸೂಜಿ ಅತ್ತೆಯ ಇಲಾಖೆ). ಆದರೆ ಮುಖ ಗಂಭೀರ ಮಾಡಿಕೊಂಡು ಹೇಳಿದ ಏನನ್ನೂ ನಂಬುತ್ತಾನೆ. ಚಹಾ ಕುಡಿಯುವಾಗ ಪರೀಕ್ಷಿಸಿದೆ. "ನಮ್ಮ ಮನ್ಯಾಗ ಕಪ್ಪು ಎಡಗೈಲೇ ಹಿಡೀಬೇಕರಿ, ಪದ್ಧತಿ," ಅಂದೆ. ತಕ್ಷಣ ಕೈ ಬದಲಿಸಿ ಅಂಗಿಗೆ ಚೆಲ್ಲಿಕೊಂಡ. "ಸಾರಿ ಪುಟ್ಟಿ, ಗೊತ್ತಿರ್ಲಿಲ್ಲ," ಎಂದು ನನ್ನನ್ನೇ ಕ್ಷಮೆ ಕೇಳಿದ.

ಪುಟ್ಟಿಯಂತೆ! ನಾನು ಒಂಬತ್ತನೇ ತರಗತಿ. ನನ್ನ ಹೆಸರು ಶ್ರದ್ಧಾ. ಈ ಒಂದು ಶಬ್ದಕ್ಕಾಗಿಯೇ ಇವನನ್ನು ಸೋಲಿಸಬೇಕು.

ಅಸ್ತ್ರ ಸಿಕ್ಕಿತು. ಅಸ್ತ್ರದ ಹೆಸರು ಪದ್ಧತಿ.

ನವೆಂಬರ್ ೧, ಶುಕ್ರವಾರ

ಲಕ್ಷ್ಮೀಪೂಜೆ. ಆಕಾಶಬುಟ್ಟಿ ಕಟ್ಟಲು ಅಪ್ಪ ಸ್ಟೂಲು ಹತ್ತಿದ, ಅವ್ವ ಸ್ಟೂಲು ಹಿಡಿದಳು, ಅಜ್ಜಿ ಇಬ್ಬರಿಗೂ ಬೈದಳು. ಇಡೀ ಕಾಲನಿಯಲ್ಲಿ ನಮ್ಮದೊಂದೇ ಬುಟ್ಟಿ ಓರೆ.

ಆರತಿ ತಟ್ಟೆ ತೊಳೆಯುತ್ತಿದ್ದಾಗ ನನಗೆ ಮಹಾದರ್ಶನವಾಯಿತು. ರವಿವಾರ ಭಾವುಬೀಜ. ತಂಗಿಯಾದವಳು ಅಣ್ಣನನ್ನು ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಆರತಿ ಬೆಳಗುವ ದಿನ. ಅಂದು ಯಾವ ಗಂಡಸು ಮಣೆಯ ಮೇಲೆ ಕೂತು ಗೋದತ್ತೆಯಿಂದ ಆರತಿ ಮಾಡಿಸಿಕೊಳ್ಳುತ್ತಾನೋ ಅವನು ಅವಳ ಅಣ್ಣ. ಆಯುಷ್ಯವಿರುವವರೆಗೆ ಅಣ್ಣ. ಇದಕ್ಕೆ ಹೈಕೋರ್ಟಿನಲ್ಲಿ ಅಪೀಲಿಲ್ಲ. ನಮ್ಮ ಅಜ್ಜಿಯ ಬಳಿಯಂತೂ ಇಲ್ಲವೇ ಇಲ್ಲ.

ಮಂಡ್ಯದ ಕಡೆ ಭಾವುಬೀಜ ಮಾಡುವುದಿಲ್ಲ. ಅವನಿಗೆ ಗೊತ್ತಿಲ್ಲ.

ಈ ರಾತ್ರಿ ನಾನು ಎರಡು ಕರ್ಚಿಕಾಯಿ ಹೆಚ್ಚು ತಿಂದೆ.

ನವೆಂಬರ್ ೨, ಶನಿವಾರ, ವಾಯಿ

ಇಂದಿನ ಘಟನೆಗಳು ಅನೇಕ. ಯೋಗ್ಯ ಕ್ರಮದಲ್ಲಿ ದಾಖಲಿಸುತ್ತೇನೆ.

ಬೆಳಿಗ್ಗೆ ಹೊರಡುವ ಮುಂಚೆ ಮನೆಯಲ್ಲಿ ಪಾಡ್ಯದ ಆರತಿ. ಇವತ್ತು ಹೆಂಡತಿ ಗಂಡನಿಗೆ ಬೆಳಗುವ ದಿನ. ಅವ್ವ ಅಪ್ಪನಿಗೆ ಬೆಳಗಿದಳು. ಅಪ್ಪ ತಟ್ಟೆಯಲ್ಲಿ ಮಿಕ್ಸರಿನ ಹೊಸ ಜಾರು ಇಟ್ಟ. ಅವ್ವ ಅದನ್ನು ನೋಡಿದ ರೀತಿ ನೋಡಿ ಅಜ್ಜಿ, "ಪ್ರಲ್ಹಾದಾ, ಮುಂದಿನ ವರ್ಷರೆ ಸೀರಿ ಇಡೋ," ಅಂದಳು. ಅಷ್ಟರಲ್ಲಿ ಶತ್ರು ಒಂದು ಕೈಯಲ್ಲಿ ಬೂಟು, ಇನ್ನೊಂದರಲ್ಲಿ ಮೈಸೂರುಪಾಕು ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಇದೇನು ಪುಟ್ಟಿ, ನಿಮ್ಮಪ್ಪನ ಬರ್ತ್‌ಡೇನಾ?"

ನಾನು ಮುಖವನ್ನು ದೇವಸ್ಥಾನ ಮಾಡಿಕೊಂಡೆ. "ಅಲ್ಲರಿ. ಇವತ್ತ ಅವ್ವ ಅಪ್ಪಗ ಬೆಳಗತಾಳ. ನಾಳೆ ಮನ್ಯಾಗಿರೋ ಎಲ್ಲಾ ಗಂಡಸರಿಗೂ ಗೋದತ್ತಿ ಬೆಳಗತಾಳ. ನೀವೂ ಸ್ನಾನಾ ಮಾಡಿ ಮಣೀ ಮ್ಯಾಲೆ ಕೂಡಬೇಕು. ಕೂಡಲಿಲ್ಲಂದ್ರ ಅಜ್ಜಿ ಊಟಾ ಬಿಡತಾಳ."

"ಅಯ್ಯಯ್ಯೋ, ಅದೆಲ್ಲ ಬೇಡ. ಖಂಡಿತಾ ಕೂತ್ಕೋತೀನಿ."

ಇಷ್ಟು ಸುಲಭವಾಗಿ ಕೋಟೆ ಬೀಳುತ್ತದೆ ಎಂದುಕೊಂಡಿರಲಿಲ್ಲ.

ಏಳು ಸೀಟಿನ ಬಾಡಿಗೆ ಗಾಡಿ. ಅಪ್ಪ ಚಾಲಕ. ಪಕ್ಕದಲ್ಲಿ ಅಜ್ಜಿ, ತೊಡೆಯ ಮೇಲೆ ಚಕ್ಕುಲಿ ಡಬ್ಬಿ. ನಡುವೆ ಅವ್ವ ಮತ್ತು ಅತ್ತೆ. ಹಿಂದೆ ಸಾಮಾನುಗಳ ಜೊತೆ ನಾನು ಮತ್ತು ಶತ್ರು. ಕಾತ್ರಜದ ಸುರಂಗ ಹತ್ತಿರವಾದಾಗ ಮೊದಲ ಬಾಣ ಬಿಟ್ಟೆ. "ಸುರಂಗದಾಗ ಎರಡೂ ಕೈ ತಲೀ ಮ್ಯಾಲಿಟ್ಕೊಂಡು ನಿಮ್ಮ ಹಿರೇರ ಹೆಸರು ಜೋರಾಗಿ ಹೇಳಬೇಕರಿ. ನಮ್ಮ ಮನೀ ಪದ್ಧತಿ."

ಕತ್ತಲಾಯಿತು. ನನ್ನ ಪಕ್ಕದಲ್ಲೇ ಸಿಡಿಲು ಹೊಡೆಯಿತು: "ನಂಜೇಗೌಡ! ಚಿಕ್ಕನಂಜೇಗೌಡ! ದೊಡ್ಡನಂಜೇಗೌಡ!"

ಅಪ್ಪ ಗಾಡಿಯನ್ನು ಗೋಡೆಗೆ ಉಜ್ಜುವುದು ಕೂದಲೆಳೆಯಲ್ಲಿ ತಪ್ಪಿತು. ಸುರಂಗ ಇನ್ನೂ ಉಳಿದಿತ್ತು, ಗೌಡರು ಮುಗಿದಿದ್ದರು. "ದೇವೀರಮ್ಮ! ಕೆಂಪಮ್ಮ!" ಎಂದು ಅಜ್ಜಿಯರಿಗೆ ಕೈ ಹಾಕಿದ.

"ಏನಾತಪಾ?" ನಮ್ಮ ಅಜ್ಜಿ ತಿರುಗಿ ಕೇಳಿದಳು.

"ನಿಮ್ಮನೆ ಪದ್ಧತಿ ಅಜ್ಜಿ! ಹಿರಿಯರ ಹೆಸರು!"

ನಾನು ಕಣ್ಣು ಮುಚ್ಚಿಕೊಂಡೆ. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆದರೆ ಅಜ್ಜಿ ಚಕ್ಕುಲಿ ಡಬ್ಬಿಯನ್ನು ಕಾಲ ಬಳಿ ಇಟ್ಟು, ಎರಡೂ ಕೈ ತಲೆಯ ಮೇಲಿಟ್ಟು, "ವೆಂಕಣ್ಣಾ! ಹಣಮಂತಾ!" ಎಂದು ಶುರುಮಾಡಿದಳು. ಕೊನೆಗೆ ಸಣ್ಣ ದನಿಯಲ್ಲಿ, "ರಾಘಣ್ಣಾ," ಅಂದಳು.

ಅದು ನನ್ನ ಅಜ್ಜನ ಹೆಸರು. ಅಜ್ಜಿ ಅದನ್ನು ಬಾಯಿಬಿಟ್ಟು ಹೇಳಿದ್ದನ್ನು ಈ ಗಾಡಿಯಲ್ಲಿ ಯಾರೂ ಕೇಳಿದವರಿಲ್ಲ. ಯಾವಾಗಲೂ 'ಅವರು', 'ಇವರು', ಬಹಳವಾದರೆ 'ಪ್ರಲ್ಹಾದನ ಅಪ್ಪಾ'. ಸುರಂಗ ದಾಟಿ ಬೆಳಕು ಬಂದಾಗ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, ಹಿಂದೆ ತಿರುಗಿ, ಇಡೀ ಚಕ್ಕುಲಿ ಡಬ್ಬಿಯನ್ನೇ ಶತ್ರುವಿಗೆ ಕೊಟ್ಟುಬಿಟ್ಟಳು.

ಬಾಣ ಹಿಂದಕ್ಕೆ ಬಂದು ನನ್ನ ಚಕ್ಕುಲಿಗೇ ತಗುಲಿತು.

ಖೇಡ ಶಿವಾಪುರದಲ್ಲಿ ಮಿಸಳ್. ಅಂಗಡಿಯ ಮುಂದೆ ಚೆಂಡುಹೂವಿನ ತೋರಣ, ಒಳಗೆ ಪ್ಲಾಸ್ಟಿಕ್ ಆಕಾಶಬುಟ್ಟಿಗಳ ಸಾಲು, ಅದರ ಕೆಳಗೆ ಕೆಂಪು ಎಣ್ಣೆ ತೇಲುವ ರಸದ ಬಕೆಟ್ಟು. "ಹೊಸಬರು ಮೂರ ಸಲ ರಸಾ ಹಾಕಿಸ್ಕೋಬೇಕರಿ, ನೀರ ಕುಡಿಯಂಗಿಲ್ಲ," ಅಂದೆ. ಹಾಕಿಸಿಕೊಂಡ. ಮೊದಲ ಬಟ್ಟಲಿಗೆ ಕಿವಿ ಕೆಂಪಾಯಿತು, ಎರಡನೆಯದಕ್ಕೆ ಆ ತಲೆಯ ನಡುವಿನ ಬಯಲು ಬೆವರಿತು, ಮೂರನೆಯದಕ್ಕೆ ಕಣ್ಣಿನಿಂದ ಧಾರಾಕಾರ. "ತುಂಬಾ... ಚೆನ್ನಾಗಿದೆ," ಎಂದ, ಎರಡು ಕಂತಿನಲ್ಲಿ. ಅಂಗಡಿಯವ ಬಂದು "ವಾ ಸಾಹೇಬ!" ಎಂದು ಬೆನ್ನು ತಟ್ಟಿ ಒಂದು ಲೋಟ ತಾಕ, ಅಂದರೆ ಮಜ್ಜಿಗೆ, ಪುಕ್ಕಟೆ ಕೊಟ್ಟ. ಅಜ್ಜಿ ಅವ್ವನ ಕಿವಿಯಲ್ಲಿ, "ಊಟಾ ಚಂದಂಗ ಮಾಡತಾನ," ಎಂದು ಪ್ರಮಾಣಪತ್ರ ಕೊಟ್ಟಳು. ಗೋದತ್ತೆ ಮಾತ್ರ ನನ್ನ ಕಡೆ ನೋಡಿ ಹುಬ್ಬೇರಿಸಿದಳು. ಅವಳಿಗೆ ನನ್ನ ಕೈಚಳಕ ಗೊತ್ತು.

ಶಿರವಳದಲ್ಲಿ ವಡಾಪಾವ್. ಇದರ ಬಗ್ಗೆ ವಿಶೇಷವಿಲ್ಲ. ನಾನು ಮೂರು ತಿಂದೆ, ಯಾವ ಪದ್ಧತಿಯ ಒತ್ತಡವೂ ಇರಲಿಲ್ಲ.

ಖಂಬಾಟಕಿ ಘಾಟಿನ ಮೇಲೆ ಕಬ್ಬಿನ ಹಾಲಿಗೆ ನಿಂತೆವು. ಲೋಟ ತುಟಿಗಿಡಬೇಕು, ಶತ್ರು ಮೆಲ್ಲಗೆ, "ಪುಟ್ಟಿ, ನಿಲ್ಲು," ಅಂದ. "ನಮ್ಮ ಮಂಡ್ಯ ಕಡೆ ಇದನ್ನ ಸುಮ್ನೆ ಕುಡಿಯಲ್ಲಮ್ಮ. ಕಬ್ಬು ಅಂದ್ರೆ ನಮಗೆ ಲಕ್ಷ್ಮಿ. ಗಾಣಕ್ಕೆ ಒಂದು ಸುತ್ತು ಹಾಕಿ, ಬಗ್ಗಿ ನಮಸ್ಕಾರ ಮಾಡಿ ಕುಡೀಬೇಕು."

ಮಂಡ್ಯ ಸಕ್ಕರೆಯ ನಾಡು ಎಂದು ಅಜ್ಜಿ ಹೇಳಿದ್ದಳು. ನನಗೆ ಕಬ್ಬಿನ ಮೇಲೆ ದ್ವೇಷವಿಲ್ಲ. ಲೋಟ ಎತ್ತಿ ಹಿಡಿದು ಆ ಕರಕರ ಯಂತ್ರಕ್ಕೆ ಒಂದು ಪ್ರದಕ್ಷಿಣೆ ಹಾಕಿದೆ, ಬಗ್ಗಿ ನಮಸ್ಕರಿಸಿದೆ. ಗಾಣದವನು ಯಂತ್ರ ನಿಲ್ಲಿಸಿ, "ಕಾಯ್ ಝಾಲಂ ಗ ಬಾಳ?" ಏನಾಯಿತು ಮಗೂ ಎಂದು ಮರಾಠಿಯಲ್ಲಿ ಗಾಬರಿಯಿಂದ ಕೇಳಿದ. ಎದ್ದು ನೋಡಿದರೆ ಶತ್ರು ಆಕಾಶ ನೋಡುತ್ತಿದ್ದ. ಬಹಳ ಗಂಭೀರವಾಗಿ. ಅವನ ಮೂಗಿನ ಹೊಳ್ಳೆಗಳು ಮಾತ್ರ ಅರಳಿ ಅರಳಿ ಮುಚ್ಚುತ್ತಿದ್ದವು.

ಈ ಮುಖ ನನಗೆ ಗೊತ್ತು. ಕನ್ನಡಿಯಲ್ಲಿ ದಿನಾ ನೋಡುತ್ತೇನೆ.

"ಸುರಂಗದ್ದು ಸುಳ್ಳಂತ ನಿಮಗ ಗೊತ್ತಿತ್ತೇನು?" ಕೇಳಿದೆ.

"ಅನುಮಾನ ಇತ್ತು ಕಣಮ್ಮ. ಆದ್ರೆ ಆಟ ಚೆನ್ನಾಗಿತ್ತು."

"ಮಿಸಳ್?"

"ಅದು ನಿಜ ಅಂದ್ಕೊಂಡೆ," ಎಂದು ಪಾಪ, ಹೊಟ್ಟೆ ಸವರಿಕೊಂಡ.

ವಾಯಿಯಲ್ಲಿ ನಾವು ಇಳಿದುಕೊಂಡದ್ದು ಪಂಢರಿನಾಥ ಎಂಬುವರ ದೊಡ್ಡ ಹಳೆಯ ಮನೆಯಲ್ಲಿ, ಇಲ್ಲಿಯವರ ಮಾತಿನಲ್ಲಿ ವಾಡೆಯಲ್ಲಿ. ಅಂಗಳದಲ್ಲಿ ಅವರ ಮೊಮ್ಮಕ್ಕಳು ಇಲ್ಲಿಯ ಮಕ್ಕಳ ವಾಡಿಕೆಯಂತೆ ದೀಪಾವಳಿಗೆಂದು ಮಣ್ಣಿನ ಕಿಲ್ಲೆ, ಅಂದರೆ ಪುಟ್ಟ ಕೋಟೆ, ಕಟ್ಟಿ, ಅರ್ಧಕ್ಕೆ ಬಿಟ್ಟು ಅಮ್ಮನ ತವರಿಗೆ ಹೋಗಿದ್ದರು. ಬುರುಜು ಕುಸಿದಿತ್ತು, ಆಟಿಕೆಯ ಸೈನಿಕರು ಮುಖ ಅಡಿಯಾಗಿ ಬಿದ್ದಿದ್ದರು. ಚಲುವರಾಜು ಪ್ಯಾಂಟು ಮಡಚಿ ಕೂತೇಬಿಟ್ಟ. ನಾನು ಮೇಲ್ವಿಚಾರಣೆಗೆ ಕೂತೆ. ಸ್ವಲ್ಪ ಹೊತ್ತಿಗೆ ನನ್ನ ಕೈಯೂ ಮೊಣಕೈವರೆಗೆ ಕೆಸರಾಗಿತ್ತು. ಅವನು ಬೆಂಕಿಪೊಟ್ಟಣ ಮತ್ತು ದಾರದಿಂದ ಕಿಲ್ಲೆಗೊಂದು ಲಿಫ್ಟು ಮಾಡಿದ. ಬೆಟ್ಟ ಹತ್ತಿ ಹತ್ತಿ ಸೈನಿಕರಿಗೆ ಮಂಡಿನೋವು ಬಂದಿರುತ್ತದಂತೆ. ನಾನು ಲಿಫ್ಟಿನ ಮುಂದೆ ಸರದಿ ಸಾಲು ನಿಲ್ಲಿಸಿದೆ. ಒಬ್ಬ ಕುದುರೆ ಸವಾರ ಕುದುರೆಯ ಸಮೇತ ಒಳಗೆ ನುಗ್ಗಲು ನೋಡಿದಾಗ ಇಬ್ಬರೂ ಸೇರಿ ಅವನಿಗೆ ದಂಡ ಹಾಕಿದೆವು.

ಜಗಲಿಯ ಮೇಲೆ ಕೂತು ಗೋದತ್ತೆ ನಮ್ಮನ್ನು ನೋಡುತ್ತಿದ್ದಳು. ಚಲುವರಾಜು ಅತ್ತ ನೋಡದೆ, ಮಣ್ಣು ಮೆತ್ತುತ್ತಲೇ ಹೇಳಿದ: "ನಿಮ್ಮತ್ತೆ ನಗು ಬರೋಕೆ ಮುಂಚೆ ಭುಜ ಅಲ್ಲಾಡುತ್ತೆ, ನೋಡಿದ್ದೀಯಾ? ಮುಖಕ್ಕೆ ಬರೋದು ಆಮೇಲೆ."

ಇದು ನನ್ನ ಖಾಸಗಿ ಮಾಹಿತಿ. ಅಪ್ಪನಿಗೂ ಗೊತ್ತಿಲ್ಲ, ಅಜ್ಜಿಗೂ ಗೊತ್ತಿಲ್ಲ. ಇವನಿಗೆ ಯಾರು ಸೋರಿಸಿದರು?

"ಹಂಗಾದ್ರ ಸೋಮವಾರ ಏನ ಹೇಳವರು ನೀವು?" ಎಂದೆ. ಶತ್ರುವಿನ ಯೋಜನೆ ತಿಳಿಯುವ ಸಲುವಾಗಿ.

ಅವನು ಒಬ್ಬ ಸೈನಿಕನ ಮುರಿದ ಭರ್ಜಿಯನ್ನು ನೆಟ್ಟಗೆ ಮಾಡಲು ಬಹಳ ಹೊತ್ತು ತೆಗೆದುಕೊಂಡ. "ನಾನು ಹೇಳೋದು ಯಾವತ್ತೋ ರೆಡಿ ಇದೆ ಪುಟ್ಟಿ. ಅವರೆದುರು ನಿಂತ್ರೆ ಮಾತೇ ಬರಲ್ಲ. ಅವರಿಗೆ ಇಷ್ಟ ಇಲ್ದಿದ್ರೆ ಅಂತ."

ಆಮೇಲೆ ಅವ್ವ ಪಿಠಲೆ ಭಾಕರಿಯ ಊಟಕ್ಕೆ ಕರೆದಳು. ಹಸಿವಾಗಿತ್ತು. ತಿಂದೆ, ಮಲಗಿದೆ. ಏನನ್ನೋ ಮರೆತಿದ್ದೇನೆ ಅನಿಸುತ್ತಿದೆ. ಹಲ್ಲುಜ್ಜುವ ಬ್ರಶ್ ಇರಬೇಕು.

ನವೆಂಬರ್ ೩, ರವಿವಾರ, ವಾಯಿ

ಬ್ರಶ್ ಇತ್ತು. ಮರೆತದ್ದು ಅದಲ್ಲ.

ಬೆಳಿಗ್ಗೆ ನಾನು ಅಂಗಳದಲ್ಲಿ ಲಿಫ್ಟಿನ ದುರಸ್ತಿಯಲ್ಲಿದ್ದೆ. ಒಳಗೆ ಅವ್ವ ನಡುಮನೆಯಲ್ಲಿ ಮಣೆ ಹಾಕಿ, ಸುತ್ತ ಗುಲಾಬಿ, ಹಸಿರು, ಹಳದಿ ರಂಗೋಲಿ ಬಿಟ್ಟು, ಅಪ್ಪನನ್ನು ಕೂರಿಸಿದ್ದಳು. ಗೋದತ್ತೆ ಅಡುಗೆಮನೆಯಲ್ಲಿ ತಟ್ಟೆ ಸಿದ್ಧಮಾಡುತ್ತಿದ್ದಳು. ಆಗ ಚಲುವರಾಜು ಮಹಡಿಯಿಂದ ಇಳಿದು ಬಂದ. ತಲೆಗೆ ಸ್ನಾನ, ಹೊಸ ಬಿಳಿ ಜುಬ್ಬಾ, ಇಸ್ತ್ರಿಯ ಗೆರೆ ಇನ್ನೂ ಜೀವಂತ. ಕೈಯಲ್ಲಿ ತಟ್ಟೆಗೆ ಹಾಕಲು ಬಣ್ಣದ ಕಾಗದದಲ್ಲಿ ಸುತ್ತಿದ ಏನೋ. ಮೂಲೆಯಲ್ಲಿ ಗೋಡೆಗೆ ಆನಿಸಿಟ್ಟಿದ್ದ ಇನ್ನೊಂದು ಮಣೆಯನ್ನು ತಾನೇ ಎತ್ತಿ ತಂದು, ಅಪ್ಪನ ಪಕ್ಕದಲ್ಲಿ ಹಾಕಿಕೊಂಡು, ಚಕ್ಕಳಮಕ್ಕಳ ಹಾಕಿ ಕೂತ. ಬೆನ್ನು ನೆಟ್ಟಗೆ. ಶಾಲೆಯ ಮೊದಲ ದಿನದ ಹುಡುಗನ ಹಾಗೆ.

ಅಪ್ಪನ ಬಾಯಿ ತೆರೆಯಿತು. ಅಜ್ಜಿ ಕೈಯಲ್ಲಿದ್ದ ಜಪಮಾಲೆಯನ್ನು ನಿಲ್ಲಿಸಿದಳು. ಅವ್ವ ಅಜ್ಜಿಯನ್ನು ನೋಡಿದಳು. ಬಂದವರಿಗೆ 'ಏಳ್ರಿ' ಅನ್ನುವುದು ಹೇಗೆ? ಅದೂ ತಾವಾಗಿಯೇ ಬಂದು ಕೂತವರಿಗೆ? ನಮ್ಮ ಮನೆಯಲ್ಲಿ ಬೇರೆ ಎಲ್ಲದಕ್ಕೂ ಬಾಯಿ ಇದೆ. ಮರ್ಯಾದೆಯ ಮಾತು ಬಂದರೆ ಎಲ್ಲರೂ ಗೊಂಬೆಗಳು.

ಆಗ ಗೋದತ್ತೆ ತಟ್ಟೆ ಹಿಡಿದು ಬಂದಳು.

ನೋಡಿದಳು. ಎರಡು ಮಣೆ ನೋಡಿದಳು. ಎರಡನೆಯ ಮಣೆಯ ಮೇಲೆ ಯಾರು ಕೂತಿದ್ದಾರೆ ನೋಡಿದಳು. ಅವನು ಇಷ್ಟಗಲ ನಕ್ಕ. ತನ್ನ ಉತ್ತರವನ್ನು ಸೋಮವಾರದವರೆಗೆ ಕಾಯಿಸದೆ, ಯಾರಿಗೂ ನೋವಾಗದ ಹಾಗೆ, ಸಭ್ಯತೆಯಿಂದ ಇಂದೇ ಹೇಳಿಬಿಟ್ಟಿದ್ದಾನೆ: ನಾನು ನಿನಗೆ ಅಣ್ಣ. ಅತ್ತೆ ಹಾಗೇ ತಿಳಿದುಕೊಂಡಳು. ನನಗೆ ಹೇಗೆ ಗೊತ್ತು? ಅವಳ ಭುಜಗಳು ಕೆಳಗಿಳಿದವು. ಎರಡೂ, ಒಟ್ಟಿಗೆ. ಮುಖ ಮಾತ್ರ ಹಾಗೇ ಇತ್ತು.

"ಹೂಂ," ಅಂದಳು ಮೆಲ್ಲಗೆ. "ಛಲೋ ಆತು. ಸರಿಯಾಗಿ ಕೂಡ್ರಿ."

ಬಾಗಿಲಲ್ಲಿ ನಿಂತು ನಾನು ಇದನ್ನೆಲ್ಲ ನೋಡುತ್ತಿದ್ದೆ. ನನ್ನ ಯೋಜನೆ ಅಕ್ಷರಶಃ ಗೆದ್ದಿತ್ತು. ಅತ್ತೆ ಅಪ್ಪನಿಗೆ ಕುಂಕುಮ ಹಚ್ಚಿದಳು, ಅಕ್ಷತೆ ಹಾಕಿದಳು, ಬೆಳಗಿದಳು. ತಟ್ಟೆ ಎತ್ತಿಕೊಂಡು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಉಂಗುರದ ಬೆರಳನ್ನು ಕುಂಕುಮದಲ್ಲಿ ಅದ್ದಿದಳು.

ಮುಂದಿನದಕ್ಕೆ ನಾನು ಜವಾಬ್ದಾರಳಲ್ಲ. ನನ್ನ ಕೈಗಳಿಗೆ ಕೆಸರು ಮೆತ್ತಿತ್ತು, ಕೆಸರು ಕೈಗಳಿಗೆ ಸ್ವಂತ ಬುದ್ಧಿ ಇರುತ್ತದೆ. ನಾನು ಓಡಿಹೋಗಿ, ಹಿಂದಿನಿಂದ ಮಣೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದೆ.

ಚಲುವರಾಜು ಹಿಂದಕ್ಕೆ ಮಗುಚಿದ. ಎರಡು ಕಾಲು ಆಕಾಶಕ್ಕೆ ಹೋದವು. ಬಣ್ಣದ ಕಾಗದದ ಪೊಟ್ಟಣ ಹಾರಿ ಅಜ್ಜಿಯ ಮಡಿಲಿಗೆ ಬಿತ್ತು. ಅವನು ಅವ್ವನ ರಂಗೋಲಿಯ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಉರುಳಿ, ಗುಲಾಬಿ ಹಳದಿ ಧೂಳೆಬ್ಬಿಸಿ, ಗೋಡೆಗೆ ತಾಗಿ ನಿಂತ.

"ಏ ಕತ್ತೀ!" ಅವ್ವ ಕೂಗಿದಳು. "ಹಬ್ಬದ ದಿವಸ ಏನ ಮಾಡಿದೆ!"

"ಅಂವ ಕೂಡಬಾರದು!" ನಾನೂ ಕೂಗಿದೆ. "ನಾ ಸುಳ್ಳ ಹೇಳಿ ಕೂಡ್ಸೀನಿ! ಎಲ್ಲಾ ಗಂಡಸರಿಗೂ ಮಾಡತಾರಂತ ಹೇಳೀನಿ! ಅಂವಗ ಇದು ಏನಂತ ಗೊತ್ತೇ ಇಲ್ಲ!"

ಚಲುವರಾಜು ಎದ್ದು ಕೂತು, ಕಣ್ಣಿನಿಂದ ಹಸಿರು ಪುಡಿ ಒರೆಸಿಕೊಂಡ. "ಏನು ಗೊತ್ತಿಲ್ಲ? ಯಾಕೆ, ಏನಾಯ್ತು?"

ಅಪ್ಪ ಗಂಟಲು ಸರಿಮಾಡಿಕೊಂಡ. "ಅದೇನಂದ್ರ ಚಲುವರಾಜ ಅವರ... ಇವತ್ತ ಯಾರಿಗೆ ಆರತಿ ಮಾಡತಾರೋ ಅವರು ಅಣ್ಣಾ ಆಗತಾರ."

"ಯಾರಿಗೆ ಅಣ್ಣ?"

"ಗೋದಾಗ."

ಆ ಮಾತು ಅವನ ತಲೆಗೆ ಇಳಿಯಿತು. ಆಮೇಲೆ ಸುರಂಗದಲ್ಲಿ ದೊಡ್ಡನಂಜೇಗೌಡರನ್ನು ಕರೆದ ಅದೇ ದನಿಯಲ್ಲಿ, ವಾಡೆಯ ಪಾರಿವಾಳಗಳೆಲ್ಲ ಹಾರಿಹೋಗುವ ಹಾಗೆ, ಅರಚಿದ: "ಬೇಡ! ಅಯ್ಯಯ್ಯೋ ಬೇಡ! ಬೇಡ್ವೇ ಬೇಡ! ನಾನು ಅಣ್ಣ ಆಗಲ್ಲ!"

ಮನೆಯ ಮಾಲೀಕರು ಪಂಢರಿನಾಥರು ಕೈಯಲ್ಲಿ ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲಿ ಇಣುಕಿ, ಕನ್ನಡ ಒಂದಕ್ಷರ ಬಾರದಿದ್ದರೂ, ಎಲ್ಲ ಅರ್ಥವಾದವರ ಹಾಗೆ ಅಲ್ಲೇ ನಿಂತರು.

ಅಜ್ಜಿ ಜಪಮಾಲೆ ಕೆಳಗಿಟ್ಟಳು. "ಅಣ್ಣಾ ಆಗಂಗಿಲ್ಲಂತ. ಮತ್ತೇನ ಆಗತಾನಂತ ಕೇಳ್ರಿ."

ಕೇಳುವ ಅಗತ್ಯ ಇರಲಿಲ್ಲ. ಚಲುವರಾಜು ಗೋದತ್ತೆಯನ್ನು ನೋಡುತ್ತಿದ್ದ. ಒಂದು ಕೆನ್ನೆ ಗುಲಾಬಿ, ಇನ್ನೊಂದು ಹಳದಿ, ಬಾಯಿ ತೆರೆದಿದೆ. ಅತ್ತೆ ತಟ್ಟೆ ಹಿಡಿದು ನಿಂತಿದ್ದಳು. ನಾನು ಅವಳ ಮುಖ ನೋಡಲಿಲ್ಲ. ಭುಜ ನೋಡಿದೆ.

ಎಡಗಡೆಯದು ಮೊದಲು ಅಲ್ಲಾಡಿತು.

"ನಿಮ್ಮ ಆರತಿ ಇವತ್ತಲ್ಲರಿ," ಎಂದಳು ಅತ್ತೆ. ದೀಪ ಅಲುಗಾಡುತ್ತಿತ್ತು, ಅಷ್ಟು ನಗು ಬರುತ್ತಿತ್ತು ಅವಳಿಗೆ. "ನಿಮ್ಮದು ಪಾಡ್ಯದ ದಿವಸ. ಅದು ನಿನ್ನೇನ ಆಗಿಹೋತು. ಮುಂದಿನ ವರ್ಷ ಕೂಡ್ರಿ."

ಚಲುವರಾಜು ನಿನ್ನೆ ಬೆಳಿಗ್ಗೆ ನಮ್ಮ ಮನೆಯಲ್ಲಿ ಕಂಡದ್ದನ್ನು ನೆನಪಿಸಿಕೊಳ್ಳುತ್ತಿದ್ದ. ಯಾರು ಯಾರಿಗೆ ಬೆಳಗಿದ್ದರು ಎಂದು. ನೆನಪಾದಾಗ ಮುಖದ ಉಳಿದ ಭಾಗವೂ ಗುಲಾಬಿಯಾಯಿತು.

ಆಮೇಲೆ ಸಂಜೆಯವರೆಗೂ ಅವನು ಆ ಜುಬ್ಬಾ ಬದಲಿಸಲಿಲ್ಲ. ಬೆನ್ನ ಮೇಲೆ ಅವ್ವನ ರಂಗೋಲಿಯ ಅರ್ಧ ಕಮಲ ಅಚ್ಚೊತ್ತಿತ್ತು. ಕೃಷ್ಣಾ ನದಿಯ ಘಾಟಿನಲ್ಲಿ ಎಲ್ಲರೂ ತಿರುಗಿ ತಿರುಗಿ ನೋಡಿದರು. ಅವನು ಗೋದತ್ತೆಯ ಪಕ್ಕದಲ್ಲಿ, ನಡುವೆ ಇನ್ನೊಬ್ಬರು ನಡೆಯುವಷ್ಟು ಜಾಗ ಬಿಟ್ಟು ನಡೆಯುತ್ತಿದ್ದ. ಆ ಜಾಗದಲ್ಲಿ ನಾನು ನಡೆದೆ. ಖಾಲಿ ಜಾಗ ವ್ಯರ್ಥವಾಗಬಾರದು ಎಂದು.

ಅವ್ವ ನನಗೆ ಒಂದು ತಿಂಗಳು ಪಾತ್ರೆ ತೊಳೆಯುವ ಶಿಕ್ಷೆ ವಿಧಿಸಿದ್ದಾಳೆ. ಅಜ್ಜಿ ಮಾತ್ರ ಯಾರೂ ನೋಡದಾಗ ನನ್ನ ಕೈಗೆ ಹಬ್ಬಕ್ಕೆ ಕರಿದ ಸಿಹಿ ಅನಾರಸ ಎರಡನ್ನು ಇಟ್ಟು, "ಮಣೀ ಛಲೋ ಎಳದಿ," ಎಂದು ಹೋದಳು.

ಪೊಟ್ಟಣದಲ್ಲಿ ಏನಿತ್ತೆಂದರೆ, ರೇಷ್ಮೆ ದುಪ್ಪಟ್ಟಾ. ಅತ್ತೆಗಾಗಿ. ಮಿಕ್ಸರ್ ಜಾರಲ್ಲ. ಅವ್ವ ಅಪ್ಪನನ್ನು ಮತ್ತೊಮ್ಮೆ ನೋಡಿದಳು.

ನವೆಂಬರ್ ೪, ಸೋಮವಾರ

ಹೂಂ. ಹೂಂ.

(ಮೊದಲನೆಯದು ಅವನದು, ಎರಡನೆಯದು ಅವಳದು. ಅವನು ಹಿಂಜವಡಿಯಿಂದ, ಅವಳು ರಕ್ತನಿಧಿಯಿಂದ, ಇಬ್ಬರೂ ಫೋನಿನಲ್ಲಿ ಹೇಳಿದರು. ಅಪ್ಪ ಸ್ಪೀಕರ್ ಹಾಕಿದ್ದ.)

ಪಾತ್ರೆ ತೊಳೆದೆ. ಬಾಣಲೆ ತಳ ಹಿಡಿದಿತ್ತು.

ನವೆಂಬರ್ ೬, ಬುಧವಾರ

ಏನೂ ವಿಶೇಷವಿಲ್ಲ. ಕೋಣೆಯಲ್ಲಿ ಅತ್ತೆಯ ಕಪಾಟು ದೊಡ್ಡದು. ಅದು ಖಾಲಿಯಾದರೆ ನನ್ನ ಸಾಮಾನುಗಳಿಗೆ ಬಹಳ ಜಾಗ ಸಿಗುತ್ತದೆ. ಇದು ಲಾಭ. ಬೇರೆ ಲಾಭಗಳನ್ನೂ ಬರೆಯಬೇಕೆಂದು ಕೂತೆ. ಹೊಳೆಯಲಿಲ್ಲ. ಅತ್ತೆ ಕೇಳಿದಳು, "ಯಾಕ ಪುಟ್ಟಾ, ಸಪ್ಪಗ ಇದ್ದೀ?" ನಾನು, "ಗಣಿತ," ಅಂದೆ.

ಅವಳು ದೀಪ ಆರಿಸಿದಳು. ಕತ್ತಲಲ್ಲಿ, "ನಂಗೂ ಗಣಿತ ಭಾಳ ತ್ರಾಸ ಕೊಡತಿತ್ತು," ಅಂದಳು.

ನವೆಂಬರ್ ೧೦, ರವಿವಾರ

ಚಲುವಮಾಮಾ ಊಟಕ್ಕೆ ಬಂದಿದ್ದ. ಅಜ್ಜಿ ಹೋಳಿಗೆ ಮಾಡಿದ್ದಳು. ಅವನು ಎಷ್ಟು ತಿಂದನೆಂದು ಅಜ್ಜಿ ಈಗಾಗಲೇ ಧಾರವಾಡಕ್ಕೆ ಫೋನು ಮಾಡಿ ಮೂರು ಮನೆಗೆ ತಿಳಿಸಿದ್ದಾಳೆ. ಲಗ್ನ ಮಾಘದಲ್ಲಿ ಇಟ್ಟುಕೊಳ್ಳೋಣ ಎಂದು ಅಪ್ಪ, ಮಾರ್ಗಶಿರದಲ್ಲೇ ಎಂದು ಅಜ್ಜಿ. ಗೋದತ್ತೆ ಯಾವುದಾದರೂ ಅಡ್ಡಿಯಿಲ್ಲ ಎಂದು ಹೇಳಿ, ಎರಡು ಸಲ ಕ್ಯಾಲೆಂಡರ್ ನೋಡಿದಳು.

ಊಟವಾದ ಮೇಲೆ ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಚಲುವಮಾಮಾ ಬಂದು ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತ. ಎರಡು ತಾಟು ಒರೆಸಿದ. ಮುಖವನ್ನು ಬಹಳ ಗಂಭೀರ ಮಾಡಿಕೊಂಡ.

"ಪುಟ್ಟಿ, ಒಂದು ವಿಷಯ. ನಮ್ಮ ಮಂಡ್ಯ ಕಡೆ ಒಂದು ಪದ್ಧತಿ ಇದೆ."

"ಏನು?"

"ಮದುವೆಗೆ ಮುಂಚೆ, ಹುಡುಗನ ಮನೆಯ ಬೀಗದ ಕೈ ಒಂದನ್ನ ಹುಡುಗಿಯ ಅಣ್ಣನ ಮಗಳ ಕೈಯಲ್ಲಿ ಕೊಡ್ಬೇಕು. ಅವಳು ಯಾವಾಗ ಬೇಕಾದ್ರೂ ಬರಬಹುದು. ಕೇಳೋ ಹಾಗಿಲ್ಲ, ಬೆಲ್ ಹೊಡೆಯೋ ಹಾಗಿಲ್ಲ. ಅವಳಿಗೆ ಅಂತ ಒಂದು ಮಂಚ ಹಾಕಿರ್ಬೇಕು. ಅತ್ತೆಯ ಕೋಣೆ ಪಕ್ಕದಲ್ಲೇ."

"ಪಕ್ಕದಲ್ಲೇ?"

"ಗೋಡೆ ತಟ್ಟಿದ್ರೆ ಕೇಳ್ಬೇಕು. ಹಾಗಂತ ಶಾಸ್ತ್ರ."

ಜೇಬಿನಿಂದ ಹೊಸ ಬೀಗದ ಕೈ ತೆಗೆದು, ಸಾಬೂನು ಹತ್ತಿದ ನನ್ನ ಅಂಗೈಯಲ್ಲಿಟ್ಟ. ಮೂಗಿನ ಹೊಳ್ಳೆಗಳು ಅರಳುತ್ತವೆಯೇ ಎಂದು ನಾನು ಬಹಳ ಸೂಕ್ಷ್ಮವಾಗಿ ಪರೀಕ್ಷಿಸಿದೆ. ಅರಳಲಿಲ್ಲ. ಕಣ್ಣು ಮಾತ್ರ ಸ್ವಲ್ಪ ಹೊಳೆಯುತ್ತಿತ್ತು. ಅದು ಪಾತ್ರೆಯ ಸಾಬೂನಿನಿಂದ ಇರಬೇಕು.

ಇಂಥ ಪದ್ಧತಿ ಮಂಡ್ಯದಲ್ಲಾಗಲಿ, ಭೂಮಂಡಲದ ಬೇರೆ ಯಾವ ತಾಲೂಕಿನಲ್ಲಾಗಲಿ ಇಲ್ಲವೆಂದು ನನಗೆ ಖಾತ್ರಿಯಿದೆ. ಆದರೆ ಹಿರಿಯರು ಹಾಕಿಕೊಟ್ಟ ಪದ್ಧತಿಯನ್ನು ಪ್ರಶ್ನಿಸುವ ಅವಿಧೇಯ ಮಗು ನಾನಲ್ಲ. ಬೀಗದ ಕೈಯನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡೆ.